ಮಹಾ ಜಿಗಿತ: ಕ್ಷಾಮ ಮತ್ತು ಹೊಣೆಗಾರಿಕೆ (ಚೀನಾ, 1958–62)

ಉಕ್ಕು ಮತ್ತು ದವಸದ ಉತ್ಪಾದನೆಯನ್ನು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿಸಲು ಚೀನಾದ ಕಮ್ಯುನಿಸ್ಟ್ ಪಕ್ಷ 1958ರಲ್ಲಿ ಹಮ್ಮಿಕೊಂಡ ಕಾರ್ಯಕ್ರಮ ‘ಮಹಾ ಜಿಗಿತ’. ಅದರ ಬೆನ್ನಿಗೇ ಬಂದ ಕ್ಷಾಮ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಕ್ಷಾಮ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಸತ್ತವರೆಷ್ಟು, ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳು ಇನ್ನೂ ಚರ್ಚೆಯಲ್ಲಿವೆ. ಲೆಕ್ಕವನ್ನು ಇಡಬೇಕಾದವರೂ ಅದಕ್ಕೆ ಉತ್ತರಿಸಬೇಕಾದವರೂ ಒಂದೇ ವ್ಯವಸ್ಥೆಯವರಾಗಿದ್ದುದರಿಂದ ಈ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಆರಂಭದ ಘಟನೆಗಳ ಬಗ್ಗೆ ಹೆಚ್ಚಿನ ವಿವಾದವಿಲ್ಲ. ಹದಿನೈದು ವರ್ಷಗಳಲ್ಲಿ ಬ್ರಿಟನ್ನನ್ನು ಹಿಂದೆ ಹಾಕುವುದಾಗಿ ಪಕ್ಷದ ಅಧ್ಯಕ್ಷ ಮಾವೋ 1957ರ ನವೆಂಬರಿನಲ್ಲಿ ಮಾಸ್ಕೋದಲ್ಲಿ ಹೇಳಿದರು. 1957ರಲ್ಲಿ 53.5 ಲಕ್ಷ ಟನ್ ಇದ್ದ ಉಕ್ಕಿನ ಉತ್ಪಾದನೆಯನ್ನು ಒಂದೇ ವರ್ಷದಲ್ಲಿ ಇಮ್ಮಡಿಗೊಳಿಸಬೇಕೆಂದು 1958ರ ಆಗಸ್ಟಿನಲ್ಲಿ ಬೈದೈಹೆಯಲ್ಲಿ ನಡೆದ ಪಕ್ಷದ ಸಭೆ ತೀರ್ಮಾನಿಸಿತು. ವರ್ಷಾಂತ್ಯದೊಳಗೆ ಸುಮಾರು 7.4 ಲಕ್ಷ ಸಹಕಾರ ಸಂಘಗಳು 26 ಸಾವಿರದಷ್ಟು ಕಮ್ಯೂನುಗಳಲ್ಲಿ ಕರಗಿದವು. ಮನೆಯ ಒಲೆ ಆರಿ ಸಾಮೂಹಿಕ ಭೋಜನಶಾಲೆಗಳು ಬಂದವು. ಹಿತ್ತಿಲ ಕುಲುಮೆಗಳಲ್ಲಿ ಬಾಣಲೆ, ಗುದ್ದಲಿಗಳು ಕರಗುತ್ತಿದ್ದಾಗ ಕೊಯ್ಲಿಗೆ ಆಳಿರಲಿಲ್ಲ.

ದವಸದ ಲೆಕ್ಕದ ಬಗ್ಗೆ ಸ್ವಲ್ಪ ವಿವರ ಬೇಕು. 1958ರ ಫಸಲು 37.5 ಕೋಟಿ ಟನ್ ಎಂದು ಘೋಷಿಸಲಾಯಿತು. ಮರುವರ್ಷ ಅದನ್ನು 25 ಕೋಟಿಗೆ ಇಳಿಸಲಾಯಿತು. ಕೊನೆಗೆ ನಿಂತ ಅಂಕಿ 20 ಕೋಟಿ. ಹಳ್ಳಿಯಿಂದ ಪ್ರಾಂತ್ಯದವರೆಗೆ ಪ್ರತಿ ಮೆಟ್ಟಿಲಲ್ಲೂ ಅಂಕಿಗೆ ಒಂದಿಷ್ಟು ಸೇರುತ್ತಾ ಹೋಗಿತ್ತು. ಹಾಗೆ ಉಬ್ಬಿದ ಅಂಕಿಯ ಮೇಲೆಯೇ ಸರ್ಕಾರದ ಲೇವಿ ನಿಗದಿಯಾಯಿತು. 1959ರಲ್ಲಿ ಫಸಲು 17 ಕೋಟಿ ಟನ್ನಿಗೆ ಕುಸಿದರೂ ಲೇವಿ 6.74 ಕೋಟಿ ಟನ್ನಿಗೆ ಏರಿತು. ಅದೇ ವರ್ಷ 40 ಲಕ್ಷ ಟನ್ನಿಗೂ ಹೆಚ್ಚು ದವಸ ವಿದೇಶಕ್ಕೆ ಹೋಯಿತು.

ಕಮ್ಯೂನುಗಳ ಸ್ಥಾಪನೆಯನ್ನೇ ದುರಂತದ ತಿರುವು ಎನ್ನುವುದು ರೂಢಿ. ಆದರೆ 1959ರ ಬೇಸಿಗೆಯಲ್ಲಿ ಲೂಶಾನಿನಲ್ಲಿ ನಡೆದ ಪಕ್ಷದ ನಾಯಕರ ಸಭೆಗೆ ಹೆಚ್ಚಿನ ತೂಕ ಸಲ್ಲಬೇಕು. ಆ ವಸಂತದಲ್ಲಿ ಮಾವೋ ಅವರೇ ಅತಿರೇಕಗಳನ್ನು ಟೀಕಿಸಿದ್ದರು, ಗುರಿಗಳು ಇಳಿಯತೊಡಗಿದ್ದವು. ರಕ್ಷಣಾ ಸಚಿವ ಪೆಂಗ್ ದೆಹುವೈ ಜುಲೈ 14ರಂದು ಮಾವೋಗೆ ಖಾಸಗಿ ಪತ್ರ ಬರೆದರು. ಮೊದಲು ಸಾಧನೆಗಳನ್ನು ಎಣಿಸಿ, ಆಮೇಲೆ ನಷ್ಟವನ್ನು ಹೇಳುವ ಸಂಯಮದ ಪತ್ರವದು. ಮಾವೋ ಅದನ್ನು ಅಚ್ಚು ಹಾಕಿಸಿ ಸಭೆಗೆ ಹಂಚಿದರು. 23ರಂದು ಅದರ ಮೇಲೆ ಹರಿಹಾಯ್ದರು. ಪೆಂಗ್, ಹುವಾಂಗ್ ಕೆಚೆಂಗ್, ಝಾಂಗ್ ವೆಂಟಿಯನ್, ಝೌ ಶಿಯಾವೊಝೌ ಅವರಿಗೆ ಪಕ್ಷವಿರೋಧಿ ಕೂಟವೆಂಬ ಹಣೆಪಟ್ಟಿ ಬಿತ್ತು. ಮುಂದಿನ ಆಂದೋಲನದಲ್ಲಿ 30 ಲಕ್ಷಕ್ಕೂ ಹೆಚ್ಚು ಕಾರ್ಯಕರ್ತರು, ಸದಸ್ಯರು ‘ಬಲಪಂಥೀಯ ಅವಕಾಶವಾದಿ’ಗಳಾದರು. ಕಣಜ ಬರಿದಾಗಿದೆ ಎಂದು ವರದಿ ಮಾಡುವುದೇ ಅಪರಾಧವಾಯಿತು. ಹೆನಾನ್ ಪ್ರಾಂತ್ಯದ ಶಿನ್ಯಾಂಗಿನಲ್ಲಿ ರೈತರು ದವಸ ಬಚ್ಚಿಟ್ಟಿದ್ದಾರೆಂದು ಅಧಿಕಾರಿಗಳು ಅವರನ್ನು ಹೊಡೆದು ಬಡಿದು ಹುಡುಕಾಡಿದರು. ಸುಮಾರು 80 ಲಕ್ಷ ಜನರಿದ್ದ ಆ ಸೀಮೆಯಲ್ಲಿ 10 ಲಕ್ಷದಷ್ಟು ಮಂದಿ ಸತ್ತರು.

ಹೊಣೆಯ ಪ್ರಶ್ನೆ ಪಕ್ಷದೊಳಗೆ ಬಾಯಿಬಿಟ್ಟು ಚರ್ಚೆಯಾದದ್ದು 1962ರ ಜನವರಿಯಲ್ಲಿ, ಬೀಜಿಂಗಿನ ‘ಏಳು ಸಾವಿರ ಕಾರ್ಯಕರ್ತರ ಸಭೆ’ಯಲ್ಲಿ. ಮೂರು ಪಾಲು ಪ್ರಕೃತಿಯದು, ಏಳು ಪಾಲು ಮನುಷ್ಯರದು ಎಂದು ಹುನಾನಿನ ರೈತರು ಹೇಳಿದ ಮಾತನ್ನು ರಾಷ್ಟ್ರಾಧ್ಯಕ್ಷ ಲಿಯು ಶಾವೊಚಿ ಅಲ್ಲಿ ಮುಂದಿಟ್ಟರು. ಮಾವೋ ಮಾತು ಕೇಳದೆ ಹೋದದ್ದರಿಂದಲೇ ಕಷ್ಟ ಬಂತು ಎಂದು ಆಗಿನ ರಕ್ಷಣಾ ಸಚಿವ ಲಿನ್ ಬಿಯಾವೊ ವಾದಿಸಿದರು. ಕೇಂದ್ರದ ತಪ್ಪುಗಳಿಗೆ ನೇರವಾಗಿಯೂ ಪರೋಕ್ಷವಾಗಿಯೂ ತಾನು ಹೊಣೆ ಎಂದು ಜನವರಿ 30ರಂದು ಮಾವೋ ಒಪ್ಪಿದರು. ಆದರೆ ಅಧಿಕಾರ ಕೈಬಿಡಲಿಲ್ಲ. ಪ್ರಾಂತ್ಯ, ಜಿಲ್ಲೆಗಳ ಕೆಲವರು ಸ್ಥಾನ ಕಳೆದುಕೊಂಡರು. ಸತ್ಯ ನುಡಿದವರು ತೆತ್ತ ಬೆಲೆ ಇನ್ನೂ ದೊಡ್ಡದು: ಲಿಯು 1969ರಲ್ಲಿ, ಪೆಂಗ್ 1974ರಲ್ಲಿ ಬಂಧನದಲ್ಲೇ ಕೊನೆಯುಸಿರೆಳೆದರು. ಪೆಂಗ್ ಹೆಸರಿಗೆ ಅಂಟಿದ್ದ ಕಳಂಕವನ್ನು ಪಕ್ಷ ತೊಡೆದದ್ದು 1978ರ ಡಿಸೆಂಬರಿನಲ್ಲಿ.

ಸಾವಿನ ಅಂಕಿಗಳಲ್ಲಿ ಗೊಂದಲ ಬಹಳ. 1982ರ ಜನಗಣತಿಯ ಬಳಿಕ ಪ್ರಕಟವಾದ ಅಧಿಕೃತ ಅಂಕಿಅಂಶಗಳ ಪ್ರಕಾರವೇ 1960ರಲ್ಲಿ ಜನಸಂಖ್ಯೆ ಒಂದು ಕೋಟಿ ಇಳಿದಿತ್ತು. ಅವುಗಳ ಆಧಾರದ ಮೇಲೆ ಜನಸಂಖ್ಯಾ ತಜ್ಞ ಆನ್ಸ್ಲಿ ಕೋಲ್ 2.7 ಕೋಟಿ, ಬೇಸಿಲ್ ಆಷ್ಟನ್ ಮತ್ತು ಸಂಗಡಿಗರು 3 ಕೋಟಿ ಹೆಚ್ಚುವರಿ ಸಾವುಗಳನ್ನು ಅಂದಾಜಿಸಿದರು. ಚೀನಾದ ಜಿಯಾಂಗ್ ಝೆಂಗ್‌ಹುವಾ ಅವರದು 1.7 ಕೋಟಿ. ಸ್ಥಳೀಯ ಇತಿಹಾಸಗಳಿಂದ ಲೆಕ್ಕ ಹಾಕಿದ ಕಾವೊ ಶುಜಿ 3.25 ಕೋಟಿ ಎಂದರು. ಪತ್ರಕರ್ತ ಯಾಂಗ್ ಜಿಶೆಂಗ್ 3.6 ಕೋಟಿ, ಇತಿಹಾಸಕಾರ ಫ್ರಾಂಕ್ ಡಿಕೊಟರ್ 4.5 ಕೋಟಿ ಎನ್ನುತ್ತಾರೆ. ವಲಸೆ ಹೋದವರ ನೋಂದಣಿಯ ದೋಷವೇ ಸಾವಾಗಿ ಕಾಣುತ್ತಿದೆ ಎನ್ನುವ ಸುನ್ ಜಿಂಗ್‌ಶಿಯನ್ ಅವರ ಅಂಕಿ 40 ಲಕ್ಷದೊಳಗಿದೆ. ಜನಸಂಖ್ಯಾ ತಜ್ಞರಲ್ಲಿ ಇದಕ್ಕೆ ಬೆಂಬಲ ಕಡಿಮೆ. ಹುಟ್ಟದೇ ಹೋದ ಅಥವಾ ತಡವಾಗಿ ಹುಟ್ಟಿದ ಮಕ್ಕಳ ಸಂಖ್ಯೆಯನ್ನೂ ಕೆಲವು ಬರಹಗಳು ಸಾವಿಗೆ ಸೇರಿಸುತ್ತವೆ. ಅವೆರಡೂ ಬೇರೆ ಬೇರೆ ಲೆಕ್ಕಗಳು, ಕೂಡಿಸಬಾರದು.

ಅರ್ಧದಷ್ಟು ಜನ ಸತ್ತು ಉಳಿದರ್ಧ ಹೊಟ್ಟೆ ತುಂಬಿಸಿಕೊಳ್ಳಲಿ ಎಂದು ಮಾವೋ 1959ರ ಮಾರ್ಚಿನಲ್ಲಿ ಶಾಂಘೈಯಲ್ಲಿ ಹೇಳಿದರೆಂಬ ಉಲ್ಲೇಖವನ್ನೂ ಎಚ್ಚರದಿಂದ ಓದಬೇಕು. ಡಿಕೊಟರ್ ಅದನ್ನು ಕ್ಷಾಮದ ಬಗೆಗಿನ ಮಾತೆಂದು ಓದಿದರು. ಅಲ್ಲಿನ ಚರ್ಚೆ ಕೈಗಾರಿಕಾ ಯೋಜನೆಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಕುರಿತಾಗಿತ್ತು ಎಂದು ಆಂಥನಿ ಗಾರ್ನೊ ಮೊದಲಾದವರು ತೋರಿಸಿದ್ದಾರೆ. ಸಂದರ್ಭ ನೋಡಿದರೆ ಎರಡನೆಯ ಓದೇ ಸರಿ. ಇದರಿಂದ ಲೂಶಾನಿನ ಹೊಣೆಯೇನೂ ಹಗುರವಾಗುವುದಿಲ್ಲ.

1981ರ ಜೂನಿನ ಪಕ್ಷ ನಿರ್ಣಯ ‘ಎಡ’ ತಪ್ಪುಗಳ ಜೊತೆಗೆ ಪ್ರಕೃತಿ ವಿಕೋಪವನ್ನೂ ಸೋವಿಯತ್ ಒಪ್ಪಂದಗಳ ರದ್ದತಿಯನ್ನೂ ಕಾರಣವಾಗಿ ಹೆಸರಿಸಿತು. ಸತ್ತವರ ಸಂಖ್ಯೆಯನ್ನು ಹೇಳಲಿಲ್ಲ. ಸೋವಿಯತ್ ತಜ್ಞರು ಮರಳಿದ್ದು 1960ರ ಬೇಸಿಗೆಯಲ್ಲಿ. ಅಷ್ಟರಲ್ಲಿ ಶಿನ್ಯಾಂಗಿನಲ್ಲಿ ಜನ ಸತ್ತ ಚಳಿಗಾಲ ಮುಗಿದೇ ಹೋಗಿತ್ತು. ದವಸ ಇಲಾಖೆಯವರು ಪ್ರಾಂತ್ಯಗಳಿಂದ ಒಟ್ಟುಗೂಡಿಸಿದ ಜನಸಂಖ್ಯಾ ಇಳಿಕೆಯ ಪಟ್ಟಿ ಪ್ರಧಾನಿ ಝೌ ಎನ್‌ಲಾಯ್ ಕೈ ಸೇರಿದ ಮೇಲೆ ಅದನ್ನು ನಾಶ ಮಾಡಿಸಲಾಯಿತೆಂದು ಯಾಂಗ್ ದಾಖಲಿಸಿದ್ದಾರೆ. ಯಾಂಗ್ ಶಿನ್ಹುವಾ ಸುದ್ದಿಸಂಸ್ಥೆಯ ಪತ್ರಕರ್ತರಾಗಿದ್ದರು; ಅವರ ತಂದೆ 1959ರಲ್ಲಿ ಹುಬೈಯ ಹಳ್ಳಿಯಲ್ಲಿ ಹಸಿವಿನಿಂದ ಸತ್ತಿದ್ದರು. ಯಾಂಗ್ ಬರೆದ ‘ಸಮಾಧಿಶಿಲೆ’ ಎಂಬರ್ಥದ ಹೆಸರಿನ ಗ್ರಂಥ 2008ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ರಕಟವಾಯಿತು. ಚೀನಾದ ಮುಖ್ಯಭೂಮಿಯಲ್ಲಿ ಅದಕ್ಕೆ ನಿಷೇಧವಿದೆ.