ಒಂದೇ ಸಲದ ಪರೀಕ್ಷೆ

ನಾನು ಹನ್ನೆರಡು ವರ್ಷ ಮಾಸ್ತರಿಕೆ ಮಾಡಿದ ಊರಿಗೆ ಈ ಸಲ ಯುಗಾದಿ ಕಳೆದ ಮೇಲೆ ಹೋಗಿದ್ದೆ. ಬಸ್ಸು ಇಳಿದು ಅಗಸಿಯ ಕಡೆಗೆ ನಡೆಯುತ್ತಿದ್ದಾಗ ಹೊಲಿಗೆ ಅಂಗಡಿಯಿಂದ ಒಬ್ಬ ಹೆಣ್ಣುಮಗಳು ಹೊರಬಂದು, ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಕೈಯಲ್ಲಿ ಹಿಡಿದು, "ನಮಸ್ಕಾರ್ರೀ ಸರ, ಗುರ್ತು ಸಿಕ್ತೇನ್ರಿ?" ಎಂದಳು. ಸಿಕ್ಕಿತು. ಬಡಿಗೇರ ಮನೆಯ ಹುಡುಗಿ. ಈಗ ನಲವತ್ತರ ಹತ್ತಿರದ ಹೆಂಗಸು. ಗಂಡನ ಮನೆಯೂ ಅದೇ ಊರು. ಚಹಾ ತರಿಸಿ, ಅದು ಇದು ಮಾತಾಡಿ, ಕೊನೆಗೆ ಮನಸ್ಸಿನಲ್ಲಿದ್ದುದನ್ನು ಕೇಳಿದಳು.

"ಸಣ್ಣಾಕಿ ಈ ವರ್ಷ ಐದನೇತ್ತಕ್ಕ ಹೊಂಟಾಳ್ರಿ. ನವೋದಯ ಪರೀಕ್ಷಾಕ್ಕ ಕೋಚಿಂಗ್ ಹಾಕ್ರಿ ಅಂತ ಎಲ್ಲಾರೂ ಹೇಳಾಕತ್ತಾರ. ವರ್ಷಪೂರ್ತಿ ಅಲ್ಲೇ ಇರಬೇಕಂತ. ಒಂದು ಎಮ್ಮಿ ಮಾರಿದ್ರ ಫೀ ಆಗತೈತಿ. ಹಾಕಲೇನ್ರಿ ಸರ?"

ಬೇರೆ ಯಾರು ಕೇಳಿದ್ದರೂ ಹೌದು ಎಂದೋ ಬೇಡ ಎಂದೋ ಹೇಳಿ ಎದ್ದುಬಿಡುತ್ತಿದ್ದೆ. ಕೇಳಿದವಳು ಅವಳಾದ್ದರಿಂದ, ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಕಾರಣ ಮುಂದೆ ಹೇಳುತ್ತೇನೆ.

ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವುದು ನಮ್ಮ ಕಡೆ ಹೊಸದೇನಲ್ಲ. ನಮ್ಮ ತಂದೆಯವರು ಮುಂಬಯಿ ಪ್ರಾಂತದ ಕಾಲದ ಮಾಸ್ತರರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಆಗ ಮಾಸ್ತರಿಕೆಯೋ ತಲಾಠಿಕೆಯೋ ಸಿಗುವ ದಾರಿ ಇತ್ತು. ಪರೀಕ್ಷೆ ಹತ್ತಿರ ಬಂದಾಗ ತಂದೆಯವರು ಹುಡುಗರನ್ನು ರಾತ್ರಿ ಶಾಲೆಯಲ್ಲೇ ಮಲಗಿಸಿಕೊಂಡು ಕಂದೀಲಿನ ಬೆಳಕಿನಲ್ಲಿ ಲೆಕ್ಕ ಮಾಡಿಸುತ್ತಿದ್ದರು. ಫೀ ಎಂಬುದಿರಲಿಲ್ಲ. ಸುಗ್ಗಿಯಲ್ಲಿ ಯಾರೋ ನಾಲ್ಕು ಸೇರು ಹೆಸರು ತಂದು ಪಡಸಾಲೆಯಲ್ಲಿ ಇಟ್ಟು ಹೋಗುತ್ತಿದ್ದರು. ಇದನ್ನು ಯಾರೂ ತಪ್ಪು ಎನ್ನಲಿಲ್ಲ. ಮುಲ್ಕಿ ಪರೀಕ್ಷೆ ಕೇಳುತ್ತಿದ್ದುದು ಶಾಲೆಯಲ್ಲಿ ಕಲಿಸಿದ್ದನ್ನೇ. ಹೆಚ್ಚು ಹೊತ್ತು ಕಲಿಸಿದರೆ ಹೆಚ್ಚು ಬರುತ್ತದೆ, ಅಷ್ಟೇ.

ನವೋದಯದ ಮಾತು ಬೇರೆ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಿಂದ ಇದು ಪ್ರಯೋಗವಾಗಿ ಶುರುವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ದೇಶದ ಯೋಜನೆಯನ್ನಾಗಿ ಮಾಡಿತು. ಜಾಣ ಮಗುವಿಗೆ ಬೇಗ ಮುಂದೆ ಹೋಗುವ ಅವಕಾಶ ಸಿಗಬೇಕು, ಅದು ತಂದೆಯ ಜೇಬನ್ನು ಅವಲಂಬಿಸಬಾರದು ಎಂಬುದು ಅದರ ಉದ್ದೇಶ. ಜಿಲ್ಲೆಗೊಂದು ವಸತಿ ಶಾಲೆ, ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳು, ಕನಿಷ್ಠ ಶೇಕಡಾ 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲವೂ ಸರ್ಕಾರದ್ದು.

ಆದರೆ ಹಳ್ಳಿಯ ಜಾಣ ಮಗುವನ್ನು ಹುಡುಕುವುದು ಹೇಗೆ? ಪಾಠದ ಮೇಲೆ ಪ್ರಶ್ನೆ ಕೇಳಿದರೆ ಒಳ್ಳೆಯ ಶಾಲೆಯ ಮಕ್ಕಳೇ ಗೆಲ್ಲುತ್ತಾರೆ. ಹಾಗಾಗಿ ಪರೀಕ್ಷೆಯ ದೊಡ್ಡ ಪಾಲನ್ನು ಮಾತಿಲ್ಲದ ಚಿತ್ರಗಳಿಗೆ ಕೊಟ್ಟರು. ಮೊದಲು ಎನ್‌ಸಿಇಆರ್‌ಟಿ, ನಂತರ ಸಿಬಿಎಸ್‌ಇ ನಡೆಸುತ್ತ ಬಂದ ಈ ಪರೀಕ್ಷೆ ಈಚಿನ ವರ್ಷಗಳಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆಯದು. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯವು, 20 ಲೆಕ್ಕ, 20 ಭಾಷೆ. ಬುದ್ಧಿಶಕ್ತಿಯವು ಹತ್ತು ಬಗೆ: ಗುಂಪಿಗೆ ಸೇರದ ಚಿತ್ರ ಯಾವುದು, ಅರ್ಧ ಚಿತ್ರಕ್ಕೆ ಕೂಡುವ ತುಂಡು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿ ತೂತು ಹೊಡೆದ ಕಾಗದ ಬಿಚ್ಚಿದರೆ ಹೇಗಿರುತ್ತದೆ, ಹೀಗೆ. ಯಾರೂ ಕಲಿಸದಿದ್ದುದನ್ನು ಕೇಳಿದರೆ ಎಲ್ಲರೂ ಸಮಾನರು ಎಂಬುದು ಲೆಕ್ಕ.

ಈ ಲೆಕ್ಕದ ಹಿಂದೆ ಒಂದು ಉದ್ದವಾದ ಕಥೆ ಇದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಎಂಬಾತ ಸಿಮೋನ್ ಎಂಬ ವೈದ್ಯನ ಜೊತೆ ಸೇರಿ ಮಕ್ಕಳ ಬುದ್ಧಿ ಅಳೆಯುವ 30 ಪ್ರಶ್ನೆಗಳನ್ನು ಮಾಡಿದ. ಜಾಣರನ್ನು ಆರಿಸಲಿಕ್ಕಲ್ಲ, ಶಾಲೆಯಲ್ಲಿ ಹಿಂದೆ ಬಿದ್ದವರನ್ನು ಗುರುತಿಸಿ ಅವರಿಗೆ ವಿಶೇಷ ಪಾಠ ಕೊಡಲಿಕ್ಕೆ. ಬುದ್ಧಿ ಎಂಬುದು ಹುಟ್ಟುವಾಗ ಬಂದಷ್ಟೇ, ಹೆಚ್ಚುವುದಿಲ್ಲ ಎನ್ನುವವರನ್ನು ಆತ 1909ರಲ್ಲಿ ಬರೆದ ಪುಸ್ತಕದಲ್ಲಿ ಖಂಡಿಸಿದ. ಅಂಥ ಮಕ್ಕಳಿಗಾಗಿ ಗಮನ, ನೆನಪು ಬೆಳೆಸುವ ಅಭ್ಯಾಸಗಳನ್ನೂ ಹೊಂದಿಸಿದ್ದ. ಅಂದರೆ ಈ ಅಳತೆಗೋಲನ್ನು ಮಾಡಿದವನಿಗೇ ಅಭ್ಯಾಸದಿಂದ ಬುದ್ಧಿ ಬೆಳೆಯುತ್ತದೆ ಎಂಬ ನಂಬಿಕೆ ಇತ್ತು.

ಕೋಲು ಕಡಲು ದಾಟಿದ ಮೇಲೆ ಅದರ ಕೆಲಸ ಬದಲಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ತಿದ್ದಿ ಬೆಳೆಸಿದ. 1921ರಿಂದ ಕ್ಯಾಲಿಫೋರ್ನಿಯಾದ ಅತಿ ಜಾಣ ಮಕ್ಕಳನ್ನು ಹುಡುಕತೊಡಗಿದ. ಎಲ್ಲ ಮಕ್ಕಳನ್ನೂ ಪರೀಕ್ಷಿಸುವುದು ಆಗದ ಮಾತು. ಆದ್ದರಿಂದ ನಿಮ್ಮ ತರಗತಿಯಲ್ಲಿ ಜಾಣರು ಯಾರು ಎಂದು ಮೊದಲು ಶಿಕ್ಷಕರನ್ನು ಕೇಳಿದ. ಸಾವಿರದ ಐನೂರಕ್ಕೂ ಹೆಚ್ಚು ಮಕ್ಕಳು ಆಯ್ಕೆಯಾದರು. ಅವರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ, ಇಬ್ಬರಿಗೂ ಭೌತಶಾಸ್ತ್ರದಲ್ಲೇ.

ಕೋಲು ನಮ್ಮಲ್ಲಿಗೂ ಬೇಗನೆ ಬಂತು. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಕೈಕೆಳಗೆ ಕಲಿತವರು. ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿ 'ಆಕಾಶವಾಣಿ'ಯ ಹೆಸರಿನಿಂದ ನಮಗೆಲ್ಲ ಪರಿಚಿತರಾದವರು ಇವರೇ. ನಮ್ಮ ಧಾರವಾಡದ ಕಡೆ ವಿ. ವಿ. ಕಾಮತರು ಬಿನೆಯ ಪ್ರಶ್ನೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಲೇಖನ ಬರೆದರು, 1940ರಲ್ಲಿ ಪುಸ್ತಕ ತಂದರು. ಪ್ಯಾರಿಸ್ಸಿನ ಮಗುವಿಗೆ ಕೇಳಿದ್ದನ್ನು ಇಲ್ಲಿಯ ಮಗುವಿಗೆ ಹಾಗೆಯೇ ಕೇಳಬಾರದು ಎಂಬ ವಿವೇಕ ಅವರಿಗಿತ್ತು. ನಾನು ಟಿ.ಸಿ.ಎಚ್. ಓದುವಾಗ ಈ ಪುಸ್ತಕದ ಹೆಸರನ್ನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಅದು ಏನು ಹೇಳುತ್ತದೆ ಎಂದು ಯೋಚಿಸಿರಲಿಲ್ಲ.

ಈಗ ಆ ಹುಡುಗಿಯ ಕಥೆ. 1996ನೆಯ ಇಸವಿ. ಗದಗ, ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದ ಕಾಲ. ತಾಲೂಕು ಕಚೇರಿಯಿಂದ ನವೋದಯದ ಅರ್ಜಿ ಬಂದವು. ಐದನೆಯ ತರಗತಿಯಲ್ಲಿ ಮೂವತ್ತೆರಡು ಮಕ್ಕಳಿದ್ದರು. ನಾನು ಹಾಜರಿ ಪುಸ್ತಕ ತೆರೆದು, ಹಿಂದಿನ ವರ್ಷದ ಅಂಕ ನೋಡಿ ಐವರನ್ನು ಆರಿಸಿದೆ. ನಾಲ್ವರು ಗಂಡು, ಒಬ್ಬಳು ಹೆಣ್ಣು. ಹುಬ್ಬಳ್ಳಿಯಿಂದ ಒಂದು ಗೈಡು ತರಿಸಿ, ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಮಾಡಿಸಿದೆ. ಆಗ ಅದನ್ನು ಕೋಚಿಂಗ್ ಎನ್ನುತ್ತಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಒಂದು ಸಂಜೆ ಕನ್ನಡಿ ಚಿತ್ರಗಳಲ್ಲಿ ಐವರೂ ತಡವರಿಸುತ್ತಿದ್ದರು. ಬಡಿಗೇರ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮೂರನೇದ್ರಿ ಸರ" ಎಂದಳು. ಸರಿಯಿತ್ತು. ಮುಂದಿನದು ಕೇಳಿದೆ, ಹೇಳಿದಳು. ಅದರ ಮುಂದಿನದನ್ನೂ ಹೇಳಿದಳು. ತುಂಡು ಕೂಡಿಸುವ ಚಿತ್ರಗಳಿಗಂತೂ ಬೆರಳಿಡಲು ಒಂದು ಕ್ಷಣ ಬೇಕಾಗಲಿಲ್ಲ. ಅಪ್ಪ ಕೂರಿಗೆ, ಕುಂಟೆ, ಗಾಲಿ ಮಾಡುವಾಗ ಕಟ್ಟಿಗೆಯ ತುಂಡು ಹಿಡಿದು ಕೂತು ಬೆಳೆದವಳು. ಯಾವ ಕಚ್ಚು ಯಾವ ತೂತಿಗೆ ಕೂಡುತ್ತದೆ ಎಂಬುದು ಅವಳ ಕಣ್ಣಿನಲ್ಲೇ ಇತ್ತು. ಕನ್ನಡ ಓದುವುದು ಮಾತ್ರ ಹಿಂದೆ. ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಿದ್ದಳು. ಅಂಕ ನೋಡಿದ ನನಗೆ ಅವಳು ಕಂಡಿರಲಿಲ್ಲ.

ಅರ್ಜಿ ಕೊಡುವ ಕೊನೆಯ ದಿನ ಮುಗಿದು ಆಗಲೇ ಎರಡು ವಾರವಾಗಿತ್ತು. ನವೋದಯದ ನಿಯಮದಂತೆ ಐದನೆಯ ತರಗತಿಯಲ್ಲಿ ಓದುವ ವರ್ಷ ಬರೆಯಬೇಕು, ಎರಡನೆಯ ಸಲ ಇಲ್ಲ. ಮುಂದಿನ ವರ್ಷ ನೋಡೋಣ ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಯಾರನ್ನು ಆರಿಸಬೇಕೆಂದು ಸರ್ಕಾರ ಅಷ್ಟು ಜನ ಪಂಡಿತರನ್ನು ಕೂರಿಸಿ ಪರೀಕ್ಷೆ ಮಾಡಿಸಿತ್ತು. ಅದಕ್ಕೂ ಮೊದಲು ನಾನೊಂದು ಆಯ್ಕೆ ಮಾಡಿ, ಪರೀಕ್ಷೆ ಯಾರಿಗಾಗಿ ಇತ್ತೋ ಅವಳನ್ನೇ ಹೊರಗೆ ನಿಲ್ಲಿಸಿದ್ದೆ. ಟರ್ಮನ್ ಕೇಳಿದ ಶಿಕ್ಷಕರ ಸಾಲಿನಲ್ಲಿ ನಾನೂ ಒಬ್ಬ.

ಐವರಲ್ಲಿ ಒಬ್ಬ ಪಾಸಾದ. ಗ್ರಾಮಸೇವಕರ ಮಗ. ಜಾಣನೇ; ಆದರೆ ಅವನ ಮನೆಯಲ್ಲಿ ದಿನಪತ್ರಿಕೆ ಬರುತ್ತಿತ್ತು. ಒಂಬತ್ತನೆಯ ತರಗತಿಗೆ ಅವನನ್ನು ವಲಸೆ ಯೋಜನೆಯಂತೆ ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸಿದರು. ಬಂದಾಗ ಹಿಂದಿ ಸುಲಲಿತವಾಗಿ ಆಡುತ್ತಿದ್ದ. ಈಗ ಪುಣೆಯಲ್ಲಿ ಇಂಜಿನಿಯರು. ನವೋದಯ ಅವನಿಗೆ ಕೊಟ್ಟದ್ದು ದೊಡ್ಡದು. ಆದ್ದರಿಂದಲೇ ಅವಳಿಗೆ ತಪ್ಪಿದ್ದೂ ಸಣ್ಣದೇನಲ್ಲ. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟಳು.

ಪರೀಕ್ಷೆಯನ್ನೇ ತೆಗೆದುಹಾಕಬೇಕು ಎನ್ನುವವರಿದ್ದಾರೆ. 1990ರಲ್ಲಿ ಆಚಾರ್ಯ ರಾಮಮೂರ್ತಿ ಸಮಿತಿ ನವೋದಯದ ಯೋಜನೆಯನ್ನೇ ಪ್ರಶ್ನಿಸಿತ್ತು. ಕೆಲವರಿಗೆ ಒಳ್ಳೆಯ ಶಾಲೆ ಕಟ್ಟುವ ಬದಲು ಎಲ್ಲ ಶಾಲೆಗಳನ್ನೂ ಒಳ್ಳೆಯದು ಮಾಡಬಾರದೇ ಎಂಬ ಪ್ರಶ್ನೆ ನನಗೂ ಸರಿ ಎನಿಸುತ್ತದೆ. ಆದರೆ ನವೋದಯ ಉಳಿಯಿತು, ಬೆಳೆಯಿತು. ಈಗ 650ಕ್ಕೂ ಹೆಚ್ಚು ಶಾಲೆಗಳಿವೆ. ವರ್ಷಕ್ಕೆ ಸುಮಾರು 50 ಸಾವಿರ ಸೀಟಿಗೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅರ್ಜಿ ಹಾಕುತ್ತಾರೆ. ಬೇಡಿಕೆ ಇದ್ದಲ್ಲಿ ಅಂಗಡಿ ಹುಟ್ಟುವುದು ಲೋಕರೂಢಿ. ಧಾರವಾಡ, ವಿಜಯಪುರದ ಓಣಿಗಳಲ್ಲಿ ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಎಂದು ನಾಲ್ಕೂ ಹೆಸರು ಬರೆದ ಫಲಕಗಳ ಕೆಳಗೆ ಒಂಬತ್ತು ಹತ್ತು ವರ್ಷದ ಮಕ್ಕಳು ಟ್ರಂಕು ಹಿಡಿದು ಇಳಿಯುವುದನ್ನು ನೋಡಿದ್ದೇನೆ. ಕಲಿಸದಿದ್ದುದನ್ನು ಕೇಳುವ ಪರೀಕ್ಷೆಯನ್ನೇ ವರ್ಷಪೂರ್ತಿ ಕಲಿಸುತ್ತಾರೆ. ಇದು ತಂದೆಯವರ ಕಂದೀಲಿನ ಪಾಠದಂತಲ್ಲ. ಅಲ್ಲಿ ಹುಡುಗ ಕಲಿತ ಲೆಕ್ಕ ಅವನೊಂದಿಗೆ ಉಳಿಯುತ್ತಿತ್ತು. ಇಲ್ಲಿ ಮಡಚಿದ ಕಾಗದದ ತೂತು ಎಣಿಸುವುದನ್ನು ಸಾವಿರ ಸಲ ಮಾಡಿದ ಮಗು ಪರೀಕ್ಷೆಯ ಮರುದಿನ ಅದನ್ನು ಏನು ಮಾಡಬೇಕು?

ಹಾಗಾದರೆ ಅಭ್ಯಾಸ ಬೇಡವೇ? ಇದಕ್ಕೆ ಉತ್ತರ ಇಂಗ್ಲೆಂಡಿನಲ್ಲಿ ಸಿಕ್ಕಿದೆ. ಅಲ್ಲಿ 1944ರ ಶಿಕ್ಷಣ ಕಾಯಿದೆಯ ನಂತರ ಹನ್ನೊಂದನೆಯ ವಯಸ್ಸಿನಲ್ಲಿ ಪರೀಕ್ಷೆ ಮಾಡಿ, ಗೆದ್ದವರನ್ನು ಗ್ರಾಮರ್ ಶಾಲೆಗೂ ಉಳಿದವರನ್ನು ಬೇರೆ ಶಾಲೆಗೂ ಕಳಿಸುತ್ತಿದ್ದರು. ಬುದ್ಧಿ ಪರೀಕ್ಷೆಗೆ ಪಾಠ ಹೇಳಿಸಿಕೊಂಡರೆ ಪ್ರಯೋಜನವಿಲ್ಲ ಎಂಬ ನಂಬಿಕೆ ಅಲ್ಲಿತ್ತು. 1950ರ ದಶಕದ ಮೊದಲಲ್ಲಿ ಫಿಲಿಪ್ ವರ್ನನ್ ಮತ್ತಿತರ ಮನಶ್ಶಾಸ್ತ್ರಜ್ಞರು ಅಳೆದು ನೋಡಿದಾಗ ಅದು ಸುಳ್ಳಾಯಿತು. ಪಾಠದಿಂದ ಅಂಕ ಏರುತ್ತದೆ. ಆದರೆ ಏರುವುದೆಲ್ಲ ಬಹುಮಟ್ಟಿಗೆ ಮೊದಲ ಕೆಲವು ತಾಸುಗಳ ಅಭ್ಯಾಸದಲ್ಲೇ. ಆಮೇಲೆ ಎಷ್ಟು ತಿಕ್ಕಿದರೂ ಹೆಚ್ಚೇನೂ ಬರುವುದಿಲ್ಲ. ಆದ್ದರಿಂದ ಕೆಲವರು ದುಡ್ಡು ಕೊಟ್ಟು ಕಲಿಯುವುದಕ್ಕಿಂತ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಅಷ್ಟು ತಾಸಿನ ಅಭ್ಯಾಸ ಕೊಟ್ಟುಬಿಡಿ ಎಂಬುದು ವರ್ನನ್ ಸಲಹೆ.

ಇದನ್ನು ಓದಿದಾಗ ನನ್ನ ಮೂವತ್ತೆರಡು ಮಕ್ಕಳ ತರಗತಿ ಕಣ್ಣಮುಂದೆ ಬಂತು. ನಾನು ಐವರಿಗೆ ಮೂರು ತಿಂಗಳು ಕೊಟ್ಟೆ. ಅದರ ಬದಲು ಮೂವತ್ತೆರಡೂ ಮಕ್ಕಳಿಗೆ ಎರಡು ವಾರ ಕೊಟ್ಟಿದ್ದರೆ ಸಾಕಿತ್ತು. ಗೈಡಿನ ಚಿತ್ರಗಳನ್ನು ಕರಿಹಲಗೆಯ ಮೇಲೆ ಬರೆದಿದ್ದರೆ ಯಾರ ಕಣ್ಣು ಯಾವ ಕಡೆ ಓಡುತ್ತದೆ ಎಂದು ನನಗೂ ತಿಳಿಯುತ್ತಿತ್ತು. ಕೋಚಿಂಗಿನಲ್ಲಿ ತಪ್ಪಿರಲಿಲ್ಲ, ಬಾಗಿಲು ಹಾಕಿಕೊಂಡು ಮಾಡಿದ್ದರಲ್ಲಿ ಇತ್ತು. ಆ ಬಾಗಿಲು ನಾನು ಹಾಕಿದ್ದು ಹಾಜರಿ ಪುಸ್ತಕದಿಂದ. ಈಗಿನವರು ಹಾಕುವುದು ಫೀಯಿಂದ.

ಎರಡು ವಾರ ಬಿಟ್ಟು ಮತ್ತೆ ಹೋಗಿ ಅವಳಿಗೆ ಹೇಳಿದೆ. ಎಮ್ಮೆ ಮಾರಬೇಡ. ಮಗಳಿಗೆ ದಿನಾ ಒಂದು ಪುಟ ಜೋರಾಗಿ ಓದಿಸು, ನಾಲ್ಕು ಲೆಕ್ಕ ಮಾಡಿಸು. ಪರೀಕ್ಷೆ ಪಾಸಾಗಲಿ ಬಿಡಲಿ, ಅದು ವ್ಯರ್ಥವಾಗುವುದಿಲ್ಲ. ಚಿತ್ರಗಳಿಗೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಇಪ್ಪತ್ತು ತಾಸು ಸಾಕು. ಹತ್ತು ವರ್ಷದ ಕೂಸು ಇನ್ನೊಂದು ವರ್ಷವಾದರೂ ನಿನ್ನ ಕಣ್ಣಮುಂದೆ ಇರಲಿ, ಪಾಸಾದರೆ ಹೇಗೂ ಹೋಗುವುದೇ ಇದೆ.

ಅವಳು ತಲೆಯಾಡಿಸಿದಳು. ಆಮೇಲೆ, "ಚಿತ್ರ ಹೇಳಿಕೊಡೋರು ಯಾರ್ರಿ ಸರ?" ಎಂದಳು. ಕತ್ತರಿಸಲೆಂದು ನಾಲ್ಕು ಮಡಿಕೆ ಮಾಡಿ ಇಟ್ಟ ಬಟ್ಟೆ ಅವಳ ಮುಂದೆಯೇ ಇತ್ತು. "ನೀನೇ" ಎಂದೆ. ನಕ್ಕಳು. 1996ರ ಆ ಸಂಜೆಯ ಮಾತು ತೆಗೆದೆ. ಅವಳಿಗೆ ಅದು ನೆನಪೇ ಇಲ್ಲ. ತಮ್ಮನನ್ನು ಎತ್ತಿಕೊಂಡು ತಿರುಗಿದ್ದು ನೆನಪಿದೆ, ಚಿತ್ರ ನೆನಪಿಲ್ಲ. ನವೋದಯ ಎಂಬುದೊಂದಿದೆ ಎಂದು ಅವಳಿಗೆ ಆಗ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಆಗಿದ್ದೆ ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡ್ರಿ ಸರ, ಚಹಾ ಆರತೈತಿ" ಎಂದಳು.

ಐದನೆಯ ತರಗತಿಯಲ್ಲಿ ಈಗ ಹನ್ನೊಂದು ಮಕ್ಕಳಿದ್ದಾರೆ. ಉಳಿದವರು ಖಾಸಗಿ ಶಾಲೆಯ ವ್ಯಾನು ಹತ್ತುತ್ತಾರೆ. ಮುಖ್ಯ ಗುರುಗಳು ಒಪ್ಪಿದ್ದಾರೆ. ಶಾಲೆ ಶುರುವಾದ ಮೇಲೆ ರವಿವಾರ ಬೆಳಿಗ್ಗೆ ಶಾಲೆಯ ಕಟ್ಟೆಯ ಮೇಲೆ ಎರಡು ತಾಸು ಕೂರುತ್ತೇನೆ. ಅರ್ಜಿಯನ್ನು ಈಗ ಕಂಪ್ಯೂಟರಿನಲ್ಲೇ ಹಾಕಬೇಕು. ಅದಕ್ಕೆ ಮಗುವಿನ ಫೋಟೊ, ಸಹಿ, ಪಾಲಕರ ಸಹಿ ಬೇಕು. ಅವಳ ಅಂಗಡಿಯ ಪಕ್ಕದಲ್ಲೇ ಫೋಟೊ ತೆಗೆಯುವವನಿದ್ದಾನೆ. ಹನ್ನೊಂದು ಮಕ್ಕಳದ್ದೂ ಬೇಕು ಎಂದು ಹೇಳಿ ಬಂದಿದ್ದೇನೆ.