ಸಮ್ಮರ್‌ಟೈಮ್: ತಬ್ಬಲಿ ಮಗುವಿನ ಜೋಗುಳ

ಅಮೆರಿಕದ ಜನಪ್ರಿಯ ಗೀತೆಗಳಲ್ಲಿ ‘ಸಮ್ಮರ್‌ಟೈಮ್’ನಷ್ಟು ಕಂಠಗಳನ್ನು ಕಂಡ ಹಾಡುಗಳು ಕಡಿಮೆ. ಅದರ ಧ್ವನಿಮುದ್ರಣಗಳು ಸಾವಿರಾರು. ಕೇಳುವವರಿಗೆ ಅದು ಬೇಸಿಗೆಯ ಸುಖವನ್ನು ಬಣ್ಣಿಸುವ ಇಂಪಾದ ಹಾಡು. ಆದರೆ ಅದು ಮೊದಲು ಕೇಳಿಸಿದ್ದು ದುರಂತ ಕಥೆಯೊಂದರ ಜೋಗುಳವಾಗಿ.

ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದ ಬಿಳಿಯ ಲೇಖಕ ಡುಬೋಸ್ ಹೇವರ್ಡ್ 1925ರಲ್ಲಿ ‘ಪೋರ್ಗಿ’ ಕಾದಂಬರಿ ಪ್ರಕಟಿಸಿದರು. ಕ್ಯಾಟ್‌ಫಿಶ್ ರೋ ಎಂಬ ವಠಾರದಲ್ಲಿ ಬದುಕುವ ಬಡ ಕಪ್ಪು ಜನರ ಕಥೆ ಅದು. ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗ, ಸಂಗೀತಗಾರ ಜಾರ್ಜ್ ಗರ್ಶ್ವಿನ್ ಅದನ್ನು ಒಪೆರಾ ಆಗಿ ರೂಪಿಸಿದರು. ಈ ಜೋಗುಳಕ್ಕೆ ಸಾಹಿತ್ಯ ಹೇವರ್ಡ್ ಅವರದು. ‘ಪೋರ್ಗಿ ಅಂಡ್ ಬೆಸ್’ 1935ರ ಅಕ್ಟೋಬರ್ 10ರಂದು ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಗೆ ಬಂತು.

ಅಂಕದ ಪರದೆ ಸರಿಯುತ್ತಿದ್ದಂತೆ ಕ್ಲಾರಾ ಎಂಬ ತಾಯಿ ಮಗುವನ್ನು ಎತ್ತಿಕೊಂಡು ಹಾಡುತ್ತಾಳೆ. ಅಪ್ಪ ಅಮ್ಮ ಜೊತೆಗಿರುವಾಗ ಭಯವೇಕೆ ಎಂಬುದು ಆಕೆಯ ಭರವಸೆ. ಮುಂದೆ ಬಿರುಗಾಳಿ ಬೀಸುತ್ತದೆ. ಮೀನು ಹಿಡಿಯಲು ಹೋದ ಗಂಡನನ್ನು ಹುಡುಕಲು ಕ್ಲಾರಾ ಮಗುವನ್ನು ಬೆಸ್ ಕೈಗಿತ್ತು ಓಡುತ್ತಾಳೆ. ಇಬ್ಬರೂ ಮರಳುವುದಿಲ್ಲ. ಕೊನೆಯ ಅಂಕದಲ್ಲಿ ಅದೇ ಜೋಗುಳವನ್ನು ತಬ್ಬಲಿ ಮಗುವಿಗೆ ಬೆಸ್ ಹಾಡುತ್ತಾಳೆ. ಹಾಡಿನ ಮಾತು ಬದಲಾಗಿಲ್ಲ; ಅದು ಕೊಟ್ಟ ಭರವಸೆ ಮಾತ್ರ ಸುಳ್ಳಾಗಿದೆ.

ರಂಗದ ಆಚೆಗೂ ಈ ಒಪೆರಾಕ್ಕೆ ಒಂದು ಕಥೆಯಿದೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಪಾತ್ರ ಮಾಡುತ್ತಿದ್ದ ಕಾಲದಲ್ಲಿ, ಕಪ್ಪು ಕಲಾವಿದರೇ ಹಾಡಬೇಕೆಂದು ಗರ್ಶ್ವಿನ್ ಪಟ್ಟು ಹಿಡಿದರು. 1936ರಲ್ಲಿ ತಂಡ ವಾಷಿಂಗ್ಟನ್‌ನ ನ್ಯಾಷನಲ್ ಥಿಯೇಟರ್‌ಗೆ ಹೋದಾಗ ಅಲ್ಲಿ ಪ್ರೇಕ್ಷಕರಲ್ಲಿ ವರ್ಣಭೇದವಿತ್ತು. ಪೋರ್ಗಿ ಪಾತ್ರಧಾರಿ ಟಾಡ್ ಡಂಕನ್ ಮತ್ತು ಸಂಗಡಿಗರು ಹಾಡಲು ಒಪ್ಪಲಿಲ್ಲ. ಆಡಳಿತ ಮಣಿಯಿತು, ಎಲ್ಲರೂ ಒಂದೇ ಸಭಾಂಗಣದಲ್ಲಿ ಬೆರೆತು ಕುಳಿತರು. ಆದರೆ ಆ ಪ್ರದರ್ಶನಗಳು ಮುಗಿದ ಮೇಲೆ ಹಳೆಯ ಪದ್ಧತಿಯೇ ಮರಳಿತು.

ಬ್ರಾಡ್‌ವೇಯಲ್ಲಿ ಒಪೆರಾ ಕಂಡದ್ದು 124 ಪ್ರದರ್ಶನ ಮಾತ್ರ, ಹಾಕಿದ ಹಣವೂ ಮರಳಲಿಲ್ಲ. ಗರ್ಶ್ವಿನ್ 1937ರಲ್ಲಿ, 38ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಡು ಮಾತ್ರ ಅಷ್ಟರಲ್ಲೇ ತನ್ನ ದಾರಿ ಹಿಡಿದಿತ್ತು. 1936ರಲ್ಲಿ ಬಿಲ್ಲಿ ಹಾಲಿಡೇ ಅದಕ್ಕೆ ಜಾಜ್ ಲಯ ಕೊಟ್ಟರು. 1939ರಲ್ಲಿ ಸಿಡ್ನಿ ಬೆಶೆ ವಾದ್ಯದಲ್ಲೇ ಅದನ್ನು ನುಡಿಸಿದರು. 1957ರಲ್ಲಿ ಎಲ್ಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಜೋಡಿಯಾಗಿ ಹಾಡಿದರು. ಮರುವರ್ಷ ಮೈಲ್ಸ್ ಡೇವಿಸ್ ಅವರ ಟ್ರಂಪೆಟ್ ಅದಕ್ಕೆ ಮಾತಿನ ಹಂಗೇ ಇಲ್ಲವೆಂದು ತೋರಿಸಿತು. 1968ರಲ್ಲಿ ಜಾನಿಸ್ ಜಾಪ್ಲಿನ್ ಕಂಠದಲ್ಲಿ ಅದೇ ಜೋಗುಳ ಆಕ್ರಂದನವಾಯಿತು.

ಇಂಪಿಗಾಗಿ ಹಾಡುವವರು ಮೊದಲ ಅಂಕದ ಕ್ಲಾರಾಳನ್ನು ನೆನಪಿಸುತ್ತಾರೆ. ಜಾಪ್ಲಿನ್‌ರಂಥವರು ಹಾಡಿದಾಗ ಬಿರುಗಾಳಿಯೂ ಕೇಳಿಸುತ್ತದೆ. ನಾಟಕ ಗೊತ್ತಿಲ್ಲದವರನ್ನೂ ಈ ಹಾಡು ಕಲಕುವುದು ಬಹುಶಃ ಇದಕ್ಕೇ: ಅಂಜಬೇಡವೆಂದು ಹೇಳುವ ತಾಯಿಯ ದನಿಯಲ್ಲೇ ಅಂಜಿಕೆ ಅಡಗಿದೆ.