35 ಡಾಲರಿನ ಬೋರ್ಡು ಟಿವಿ ಹಿಂದೆ ಸೇರಿಕೊಂಡ ಕಥೆ

1/7
ಟಿವಿಗೆ ಪೆನ್‌ಡ್ರೈವ್ ಹಾಕಿದ್ದೀರಿ, ಸಿನಿಮಾ ಒತ್ತಿದ್ದೀರಿ. "ಈ ಫೈಲ್ ಪ್ಲೇ ಆಗಲ್ಲ" ಅಂತ ಬಂತು. ನಿಮಗೂ ಆಗಿದೆ ಅಲ್ವಾ? ಫೈಲ್ ನಿಮ್ದು, ಟಿವಿ ನಿಮ್ದು, ಆದ್ರೆ ಏನು ಓಡಬೇಕು ಅಂತ ತೀರ್ಮಾನ ಮಾಡೋದು ಬೇರೆ ಯಾರೋ. ಈ ಜಗಳಕ್ಕೆ 20 ವರ್ಷಕ್ಕಿಂತ ಜಾಸ್ತಿ ಇತಿಹಾಸ ಇದೆ. ಇವತ್ತು ಅದೇ ಕಥೆ, ಕೊನೇ ತನಕ ಓದಿ.

2/7 ಬೀಗ ಹಾಕಿದ ಪೆಟ್ಟಿಗೆ
2001ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಬಿಡುಗಡೆ ಮಾಡಿತು. ಬೆಲೆ 299 ಡಾಲರ್. ಹೆಸರಿಗೆ ಗೇಮ್ ಆಡೋ ಪೆಟ್ಟಿಗೆ, ಒಳಗೆ ಪೂರ್ತಿ ಕಂಪ್ಯೂಟರ್: 733 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ಮೆಮೊರಿ, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಪೋರ್ಟ್. ಅದೂ ಟಿವಿಗೆ ಕನೆಕ್ಟ್ ಆಗಿಯೇ ಇರುತ್ತೆ. ಸಿನಿಮಾ ನೋಡೋಕೆ ಇನ್ನೇನು ಬೇಕು?

ಆದ್ರೆ ಕಂಪನಿಯ ಡಿಜಿಟಲ್ ಸಹಿ ಇಲ್ಲದ ಯಾವ ಪ್ರೋಗ್ರಾಮೂ ಅದರಲ್ಲಿ ಓಡ್ತಿರಲಿಲ್ಲ. 2002ರಲ್ಲಿ ಎಂಐಟಿಯ ಸಂಶೋಧನಾ ವಿದ್ಯಾರ್ಥಿ ಆಂಡ್ರ್ಯೂ ಹುವಾಂಗ್, ಒಳಗಿನ ಚಿಪ್‌ಗಳ ಮಧ್ಯೆ ಓಡಾಡೋ ಸಿಗ್ನಲ್‌ಗಳನ್ನ ಹಿಡಿದು ಅದರ ರಹಸ್ಯ ಕೀಲಿಯನ್ನೇ ಹೊರಗೆ ತೆಗೆದರು.

3/7 ಹವ್ಯಾಸಿಗಳ ಪ್ಲೇಯರ್
ಬೀಗ ಒಡೆದ ಎಕ್ಸ್‌ಬಾಕ್ಸ್‌ಗಾಗಿ ಹವ್ಯಾಸಿಗಳು ಒಂದು ಪ್ಲೇಯರ್ ಬರೆದರು. 2004ರ ಜೂನ್‌ನಲ್ಲಿ ಅದು ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್, ಅಂದ್ರೆ ಎಕ್ಸ್‌ಬಿಎಂಸಿ 1.0 ಆಗಿ ಹೊರಬಂತು. ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ತಮಾಷೆ ನೋಡಿ: ಅದನ್ನ ಕಂಪೈಲ್ ಮಾಡೋಕೆ ಮೈಕ್ರೋಸಾಫ್ಟ್‌ನ ಟೂಲ್ಸೇ ಬೇಕಿತ್ತು. ಹಾಗಾಗಿ ರೆಡಿ ಪ್ರೋಗ್ರಾಮ್ ಹಂಚಿದ್ರೆ ಕಾನೂನಿನ ತೊಂದರೆ. ತಂಡ ಬರೀ ಕೋಡ್ ಕೊಟ್ಟು ಸುಮ್ಮನಾಗ್ತಿತ್ತು.

2007ರಿಂದ ಲಿನಕ್ಸ್‌ಗೆ ಅದನ್ನ ಒಗ್ಗಿಸೋ ಕೆಲಸ ಶುರುವಾಯ್ತು. ಎಕ್ಸ್‌ಬಾಕ್ಸ್ ಬಿಟ್ಟು ಎಷ್ಟೋ ವರ್ಷ ಆದಮೇಲೆ, 2014ರಲ್ಲಿ, ಹೆಸರೂ ಬದಲಾಗಿ "ಕೋಡಿ" ಆಯ್ತು. ನಮ್ಮ ಕೆರೆ ಕೋಡಿಗೂ ಇದಕ್ಕೂ ಸಂಬಂಧ ಇಲ್ಲ ಬಿಡಿ!

4/7 ಪಾಠಕ್ಕೆ ಅಂತ ಮಾಡಿದ ಬೋರ್ಡು
ಈಗ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋಗೋಣ. ಕಂಪ್ಯೂಟರ್ ಸೈನ್ಸ್ ಓದೋಕೆ ಅರ್ಜಿ ಹಾಕೋರು ಕಡಿಮೆ ಆಗ್ತಿದ್ದಾರೆ, ಬರೋರಿಗೂ ಪ್ರೋಗ್ರಾಮಿಂಗ್ ಅಭ್ಯಾಸ ಇಲ್ಲ ಅನ್ನೋದು ಎಬೆನ್ ಅಪ್ಟನ್ ಮತ್ತು ಅವರ ಜೊತೆಯವರ ಚಿಂತೆ. ಮಕ್ಕಳು ಧೈರ್ಯವಾಗಿ ಕೆಡಿಸಿ ಕಲಿಯೋಕೆ ಅಗ್ಗದ ಕಂಪ್ಯೂಟರ್ ಬೇಕು ಅಂತ 2009ರಲ್ಲಿ ರಾಸ್ಪ್‌ಬೆರಿ ಪೈ ಫೌಂಡೇಶನ್ ಕಟ್ಟಿದರು. 2012ರ ಫೆಬ್ರವರಿ 29ರಂದು ಮಾಡೆಲ್ ಬಿ ಮಾರಾಟಕ್ಕೆ ಬಂತು. ಎಟಿಎಂ ಕಾರ್ಡಿನಷ್ಟು ಗಾತ್ರ. ಬೆಲೆ 35 ಡಾಲರ್, ಆಗಿನ ಲೆಕ್ಕದಲ್ಲಿ ತೆರಿಗೆ, ಸಾಗಣೆ ಬಿಟ್ಟು ಸುಮಾರು 1,700 ರೂಪಾಯಿ. ಪ್ರೊಸೆಸರ್ 700 ಮೆಗಾಹರ್ಟ್ಸ್, ಮೆಮೊರಿ 256 ಎಂಬಿ.

5/7 ಇಷ್ಟು ಸಣ್ಣ ಬೋರ್ಡಲ್ಲಿ ಸಿನಿಮಾ ಹೇಗೆ ಓಡ್ತು?
ಲೆಕ್ಕ ಹಾಕಿ. ಫುಲ್ ಎಚ್‌ಡಿ ಅಂದ್ರೆ 1920×1080, ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಚುಕ್ಕೆ. ಸೆಕೆಂಡಿಗೆ 24 ಚಿತ್ರ. ಅಂದ್ರೆ ಪ್ರತಿ ಸೆಕೆಂಡ್ ಹತ್ತಿರ ಹತ್ತಿರ 5 ಕೋಟಿ ಚುಕ್ಕೆ! ಪೈನ ಪ್ರೊಸೆಸರ್ ಒಂದಕ್ಕೇ ಈ ಕೆಲಸ ಕೊಟ್ಟಿದ್ರೆ ಸುಸ್ತಾಗಿ ಕೂತುಬಿಡ್ತಿತ್ತು. ಆದ್ರೆ ಅದರ ಬ್ರಾಡ್‌ಕಾಮ್ ಚಿಪ್ಪನ್ನ ರೂಪಿಸಿದ್ದೇ ಮಲ್ಟಿಮೀಡಿಯಾ ಕೆಲಸಕ್ಕೆ. ಎಚ್.264 ವಿಡಿಯೋ ಬಿಡಿಸೋಕೆ ಅಂತಲೇ ಒಳಗೆ ಪ್ರತ್ಯೇಕ ಭಾಗ ಇತ್ತು.

ಎಕ್ಸ್‌ಬಿಎಂಸಿಗೆ ಇದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗಬೇಕು? ಸ್ಯಾಮ್ ನಝಾರ್ಕೊ ಅನ್ನೋ ಬ್ರಿಟಿಷ್ ಯುವಕ ರಾಸ್ಪ್‌ಬಿಎಂಸಿ ಮಾಡಿದರು. ಇನ್ನೊಂದು ತಂಡದ ಓಪನ್‌ಎಲೆಕ್ ಕೂಡ ಪೈಗೆ ಬಂತು. ಎಸ್‌ಡಿ ಕಾರ್ಡಿಗೆ ಬರೆದು ಸಿಕ್ಕಿಸಿದ್ರೆ ಆಯ್ತು. ಬೀಗ ಒಡೆಯೋ ಗೋಜೇ ಇಲ್ಲ. ಪೈರಸಿಗೂ ಇದೇ ದಾರಿ ಬಳಸಿದವರು ಇದ್ದರು, ಅದನ್ನ ಮುಚ್ಚಿಡೋದು ಬೇಡ. ಹಾಗೇ ಮದುವೆ ವಿಡಿಯೋ, ಹಳೇ ಹಾಡಿನ ಸಂಗ್ರಹ ಎಲ್ಲವೂ ದೊಡ್ಡ ಪರದೆಗೆ ಬರೋ ಹಾಗಾಯ್ತು.

6/7 ಆದ್ರೂ ಒಂದು ಬೀಗ ಉಳಿದಿತ್ತು
ಡಿವಿಡಿಯಲ್ಲಿ ಇರೋದು ಎಂಪೆಗ್-2 ವಿಡಿಯೋ. ಅದನ್ನ ಬಿಡಿಸೋ ಶಕ್ತಿಯೂ ಚಿಪ್ಪಲ್ಲಿ ಇತ್ತು, ಆದ್ರೆ ಆಫ್ ಮಾಡಿಟ್ಟಿದ್ದರು. ಕಾರಣ ಪೇಟೆಂಟ್. ಎಲ್ಲರ ಪರವಾಗಿ ಶುಲ್ಕ ಕಟ್ಟಿದ್ರೆ ಬೋರ್ಡಿನ ಬೆಲೆ ಏರ್ತಿತ್ತು. ಅದಕ್ಕೆ 2012ರ ಆಗಸ್ಟ್‌ನಲ್ಲಿ ಬೇಕಾದವರಿಗೆ ಮಾತ್ರ 2.40 ಪೌಂಡಿಗೆ ಒಂದು ಕೀ ಮಾರೋಕೆ ಶುರು ಮಾಡಿದರು. ನಿಮ್ಮ ಬೋರ್ಡಿನ ಸೀರಿಯಲ್ ನಂಬರ್ ಕೊಟ್ರೆ ಅದಕ್ಕಷ್ಟೇ ಹೊಂದೋ ಕೀ. ದುಡ್ಡು ಚಿಕ್ಕದು, ವಿಷಯ ದೊಡ್ಡದು: ಡಿಸ್ಕೂ ಬೋರ್ಡೂ ಕೊಂಡ ಮೇಲೂ ಬಾಗಿಲ ಹತ್ತಿರ ಇನ್ನೊಬ್ಬರು ಟಿಕೆಟ್ ಕೇಳ್ತಾ ನಿಂತಿದ್ದರು.

7/7 ಈಗ?
2013ರ ಜುಲೈನಲ್ಲಿ ಗೂಗಲ್ ಕ್ರೋಮ್‌ಕಾಸ್ಟ್ ತಂತು. ಬೆಲೆ ಅದೇ 35 ಡಾಲರ್! ಕಾರ್ಡಿಗೆ ಬರೆಯೋದು, ಸೆಟ್ಟಿಂಗ್ಸ್ ಹುಡುಕೋದು ಯಾವುದೂ ಬೇಡ. ಬಹಳ ಜನ ಆ ಸುಲಭದ ದಾರಿಗೆ ಹೋದರು, ತಪ್ಪೇನಿಲ್ಲ. ಆದ್ರೆ ಆ್ಯಪ್‌ನಿಂದ ಒಂದು ಸಿನಿಮಾ ತೆಗೆದುಹಾಕಿದ ದಿನ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ. ಪೈ ಮತ್ತು ಕೋಡಿ ಜೋಡಿ ಹಾಗಲ್ಲ. ನೆಟ್ ಹೋದ್ರೂ, ಚಂದಾ ಮುಗಿದ್ರೂ, ನಿಮ್ಮ ಡಿಸ್ಕಲ್ಲಿ ಇರೋದು ಓಡುತ್ತೆ.

ಹಳೇ ಪೈ ಯಾರ ಮನೆಯಲ್ಲಾದ್ರೂ ಧೂಳು ತಿಂತಾ ಇದ್ರೆ ಬಿಸಾಕಬೇಡಿ. ಒಂದು ಭಾನುವಾರ ಕೊಟ್ಟು ನೋಡಿ. ಮೊದಲು ಯಾವ ವಿಡಿಯೋ ಹಾಕ್ತೀರಿ? ಕೆಳಗೆ ಬರೀರಿ.

#ಟೆಕ್ಇತಿಹಾಸ #ಕನ್ನಡದಲ್ಲಿಟೆಕ್